ಟೋಕಿಯೊದಲ್ಲಿ ಭೂಕಂಪ: ಅಲುಗಾಟ ನಿಂತ ಮೇಲೆ ಶುರುವಾದ ಕೆಲಸ

2011ರ ಮಾರ್ಚ್ 11, ಶುಕ್ರವಾರ ಮಧ್ಯಾಹ್ನ 2:46. ನಾನು ಟೋಕಿಯೊದ ನಿಹೊನ್‌ಬಾಶಿಯ ಆಫೀಸಿನಲ್ಲಿದ್ದೆ. ಸಣ್ಣಪುಟ್ಟ ನಡುಕಕ್ಕೆ ಅಲ್ಲಿ ಯಾರೂ ತಲೆಯೆತ್ತಿ ಕೂಡ ನೋಡುವುದಿಲ್ಲ. ಈ ಸಲ ಅದು ನಿಮಿಷಗಟ್ಟಲೆ ನಿಲ್ಲಲೇ ಇಲ್ಲ. ಮೇಜಿನ ಕೆಳಗೆ ಸೇರಿ ಅದರ ಕಾಲು ಗಟ್ಟಿಯಾಗಿ ಹಿಡಿದುಕೊಂಡೆ. ಆಗ ಮಾಡಲು ಸಾಧ್ಯವಿದ್ದದ್ದು ಅಷ್ಟೇ. ಹೊರಗೆ ಓಡೋಣ ಅನ್ನಿಸುತ್ತದೆ, ಆದರೆ ಮೇಲಿಂದ ಗಾಜು ಬಿದ್ದರೆ?

ಫೋನ್ ಕರೆ ಹೋಗುತ್ತಿರಲಿಲ್ಲ, ಇಂಟರ್‌ನೆಟ್ ಮಾತ್ರ ನಡೆಯುತ್ತಿತ್ತು. ಅಣ್ಣನಿಗೆ ಎರಡು ಸಾಲು ಮೇಲ್ ಹಾಕಿ, ಮಿಕ್ಕವರಿಗೆ ನೀನೇ ಹೇಳು ಅಂದೆ. ಮೈಸೂರಿನಲ್ಲಿ ಅಮ್ಮ ಟಿವಿಯಲ್ಲಿ 8.9 ಅಂತ ನೋಡಿ ಅಳುತ್ತಿದ್ದರಂತೆ. ಆಮೇಲೆ 9.0 ಅಂತ ತಿದ್ದಿದ ಆ ಅಂಕಿ ಸಮುದ್ರದಡಿ ಹೊರಬಿದ್ದ ಒಟ್ಟು ಶಕ್ತಿಯ ಅಳತೆ. ಯಾವ ಊರು ಎಷ್ಟು ಅಲುಗಿತು ಅನ್ನುವುದಕ್ಕೆ ಜಪಾನಿನಲ್ಲಿ 'ಶಿಂದೊ' ಅಂತ ಬೇರೆ ಲೆಕ್ಕವಿದೆ, ಅದು 7ಕ್ಕೆ ಮುಗಿಯುತ್ತದೆ. ಈಶಾನ್ಯ ಜಪಾನಿನ ಮಿಯಾಗಿಯ ಕುರಿಹಾರಾದಲ್ಲಿ 7 ಇತ್ತು, ಟೋಕಿಯೊ ನಗರದಲ್ಲಿ ಹೆಚ್ಚೆಂದರೆ 5ರ ಎರಡು ಹಂತಗಳಲ್ಲಿ ಮೇಲಿನದು. ಹೊರದೇಶದಲ್ಲಿರುವವರು ಇದನ್ನು ಮನೆಯವರಿಗೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ರೈಲುಗಳೆಲ್ಲ ನಿಂತಿದ್ದವು. ನಿಶಿ ಕಸಾಯ್‌ನ ಮನೆಗೆ ನಡೆದೇ ಹೊರಟೆ. ದಾರಿಗೆ ಮ್ಯಾಪ್ ಬೇಕಾಗಲಿಲ್ಲ. ನಾನು ದಿನಾ ಹೋಗುವ ತೋಜಾಯ್ ಮೆಟ್ರೊ ಬಹುಪಾಲು ಎಯಿತಾಯ್ ರಸ್ತೆಯ ಕೆಳಗೇ ಸಾಗುತ್ತದೆ. ಸ್ಟೇಷನ್ ಬೋರ್ಡುಗಳನ್ನು ನೋಡುತ್ತಾ ಜನರ ಜೊತೆ ನಡೆದೆ. ಅರಾಕಾವಾ ನದಿ ದಾಟುವ ಹೊತ್ತಿಗೆ ಕತ್ತಲಾಗಿತ್ತು.

ಮನೆಯಲ್ಲಿ ಕರೆಂಟ್ ಇತ್ತು, ಗ್ಯಾಸ್ ಇರಲಿಲ್ಲ. ಪೈಪ್ ಒಡೆದಿದೆ ಅಂತ ಗಾಬರಿಯಾಗಬೇಡಿ. ಜೋರಾಗಿ ಅಲುಗಿದರೆ ಮೀಟರೇ ಗ್ಯಾಸ್ ನಿಲ್ಲಿಸಿಬಿಡುತ್ತದೆ. ಮೊದಲು ವಾಸನೆ ಬರುತ್ತಿದೆಯಾ ನೋಡಿ. ಬಂದರೆ ಮುಟ್ಟಲೇಬೇಡಿ, ಗ್ಯಾಸಿನವರನ್ನು ಕರೆಯಿರಿ. ಇಲ್ಲವಾದರೆ ಒಲೆ, ಗೀಸರ್ ಎಲ್ಲ ಆಫ್ ಮಾಡಿ, ಬಾಗಿಲಾಚೆಯ ಮೀಟರಿನ ಗುಂಡಿ ಒತ್ತಿ ಬಿಡಿ. ಸುಮ್ನೆ ಮೂರು ನಿಮಿಷ ಕಾಯಿರಿ. ಆ ಹೊತ್ತಲ್ಲಿ ಅದು ಸೋರಿಕೆ ಇದೆಯಾ ಅಂತ ಪರೀಕ್ಷೆ ಮಾಡುತ್ತದೆ. ಕೆಂಪು ದೀಪದ ಮಿನುಗು ನಿಂತರೆ ಅಡುಗೆ ಶುರು ಮಾಡಬಹುದು. ಪಕ್ಕದ ಮನೆಗಳ ನಮ್ಮವರಿಗೂ ಆ ರಾತ್ರಿ ನಾನೇ ಗುಂಡಿ ಒತ್ತಿಕೊಟ್ಟೆ.

ಆಮೇಲಿನ ದಿನಗಳಲ್ಲಿ ಅಂಗಡಿಯಲ್ಲಿ ಬ್ರೆಡ್, ಅಕ್ಕಿ ಖಾಲಿ. ನಮ್ಮವರ ಮನೆಯಲ್ಲಿ ಅಕ್ಕಿ, ಬೇಳೆ ಯಾವಾಗಲೂ ಜಾಸ್ತಿಯೇ ಇರುತ್ತೆ ಅಲ್ವಾ, ಹಾಗಾಗಿ ಊಟಕ್ಕೆ ತೊಂದರೆಯಾಗಲಿಲ್ಲ. ನೀರಿನದೇ ಕಷ್ಟ. ಮಾರ್ಚ್ 23ರಂದು, ನಮ್ಮ ಕಡೆಗೆ ನೀರು ಬರುವ ಕನಾಮಾಚಿ ನೀರು ಶುದ್ಧೀಕರಣ ಘಟಕದಲ್ಲಿ, ಭೂಕಂಪ-ಸುನಾಮಿಗೆ ಕೆಟ್ಟುಹೋದ ಫುಕುಶಿಮಾ ಅಣುಸ್ಥಾವರದಿಂದ ಬಂದ ವಿಕಿರಣದ ಅಯೋಡಿನ್ ಸಿಕ್ಕಿದೆ, ಹಸುಗೂಸುಗಳಿಗೆ ನಲ್ಲಿ ನೀರು ಕೊಡಬೇಡಿ ಅಂದರು. ಸಂಜೆಯೊಳಗೆ ಬಾಟಲಿ ನೀರೆಲ್ಲ ಮಾಯ. ನಮ್ಮಲ್ಲಿದ್ದ ಬಾಟಲಿಗಳನ್ನು ಮಗುವಿದ್ದ ಪಕ್ಕದ ಮನೆಗೆ ಕೊಟ್ಟು, ನಾವು ದೊಡ್ಡವರು ನಲ್ಲಿ ನೀರಲ್ಲೇ ಕಾಫಿ ಮಾಡಿಕೊಂಡೆವು.