ಹೊರಡುವ ಮುನ್ನ ಒಂದೂಟ: ಜರ್ಮನ್ ಮನೆಯಲ್ಲಿ ಬಿಸಿಬೇಳೆಬಾತ್

ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡು ಉಣಿಸಿದವರಿಗೆ ಹೊರಡುವ ಮುನ್ನ ನಮ್ಮ ಕೈಯಾರೆ ಒಂದು ಊಟ ಹಾಕಬೇಕು ಅನ್ನಿಸುತ್ತದೆ. ಹೋಳಿಗೆ, ಎರಡು ಪಲ್ಯ, ಗೊಜ್ಜು, ಸಾರು ಅಂತ ಎಲೆ ತುಂಬ ಯೋಚನೆ ಬರುತ್ತದೆ. ಅದನ್ನು ಬಿಟ್ಟುಬಿಡಿ. ಒಲೆ ಅವರದು, ನೀರು ಅವರದು, ಪಾತ್ರೆಯೂ ಅವರದು. ಅಂಥಲ್ಲಿ ಮೂರು ಪದಾರ್ಥ ಹದವಾಗಿ ಆದರೆ ಸಾಕು, ಅದೇ ಹಬ್ಬದೂಟ. ಜರ್ಮನಿಯಲ್ಲಿ ಆರು ಜನಕ್ಕೆ ನಾನು ಮಾಡಿದ್ದು ಬಿಸಿಬೇಳೆಬಾತ್, ಹೆಸರುಬೇಳೆ ಕೋಸಂಬರಿ ಮತ್ತು ಕೇಸರಿಬಾತ್. ಪಕ್ಕಕ್ಕೆ ಗಟ್ಟಿ ಮೊಸರು, ಉಪ್ಪಿನ ಆಲೂಗಡ್ಡೆ ಚಿಪ್ಸ್. ಎಲ್ಲವನ್ನೂ ಚಮಚದಲ್ಲಿ ತಿನ್ನಬಹುದು.

ಒಂದು ವಾರ ಮುಂಚೆ ಎರಡು ವಿಷಯ ಕೇಳಿಕೊಳ್ಳಿ. ಮೊದಲನೆಯದು ಅಲರ್ಜಿ. ಯುರೋಪಿನಲ್ಲಿ ಆಹಾರದ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಸಾಸಿವೆ, ಎಳ್ಳು, ಕಡಲೆಕಾಯಿ, ಗೋಡಂಬಿ ಎಲ್ಲವೂ ಇವೆ. ಗೋಧಿ ಒಗ್ಗದವರಿದ್ದರೆ ಇಂಗಿನ ಡಬ್ಬಿ ಓದಿ ನೋಡಿ. ಪುಡಿ ಇಂಗಿಗೆ ಬಹಳ ಸಲ ಮೈದಾ ಬೆರೆಸಿರುತ್ತಾರೆ. ಕೇಸರಿಬಾತ್ ಕೂಡ ಅವರಿಗೆ ಆಗುವುದಿಲ್ಲ. ಎರಡನೆಯದು ಹೊತ್ತು. ಅಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿಗೆ ಬ್ರೆಡ್ಡು, ಚೀಸು. ಬಿಸಿ ಊಟ ಮಧ್ಯಾಹ್ನಕ್ಕೆ. ಭಾನುವಾರ 12:30 ಎಂದು ಗೊತ್ತುಮಾಡಿಕೊಂಡರೆ ಶನಿವಾರವೇ ಸಾಮಾನು ತರಬೇಕು, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ.

ಊರಿನಿಂದ ತರಬೇಕಾದ್ದು ಕಡಿಮೆ: ಬ್ಯಾಡಗಿ ಮೆಣಸಿನಕಾಯಿ, ಮರಾಠಿ ಮೊಗ್ಗು, ಇಂಗು, ನಮ್ಮ ಸಣ್ಣ ಸಾಸಿವೆ. ಅಲ್ಲಿನ ಮಾಮೂಲಿ ಅಂಗಡಿಯ ಸಾಸಿವೆ ಹಳದಿ, ದಪ್ಪ. ಒಗ್ಗರಣೆಗೆ ಆ ಘಮ ಬರುವುದಿಲ್ಲ. ತುಪ್ಪ ತರಬೇಡಿ, ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧವಿದೆ. ಹಸಿ ಕರಿಬೇವಿನ ಸೊಪ್ಪನ್ನೂ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ. ದುಬೈ ಮೇಲೆ ಹೋಗುವವರ ಪೆಟ್ಟಿಗೆಯಲ್ಲಿ ಗಸಗಸೆ ಇರಲೇಬಾರದು. ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ. ತೊಗರಿಬೇಳೆ, ಹುಣಸೆಹಣ್ಣು, ಬೆಲ್ಲ ಭಾರತೀಯ ಅಂಗಡಿಯಲ್ಲಿ ಸಿಗುತ್ತವೆ, ಕೊತ್ತಂಬರಿ ಸೊಪ್ಪು ಟರ್ಕಿಯವರ ಅಂಗಡಿಯಲ್ಲಿ ದೊಡ್ಡ ಕಟ್ಟು. ನವಿಲುಕೋಸು ಮಾತ್ರ ಎಲ್ಲೆಲ್ಲೂ ಇದೆ. ಅವರು ಕೋಲ್‌ರಾಬಿ ಎಂದು ಹಸಿಯಾಗಿಯೇ ಕಡಿದು ತಿನ್ನುತ್ತಾರೆ. ಬಿಸಿಬೇಳೆಬಾತಿಗೆ ಅದಕ್ಕಿಂತ ಒಳ್ಳೆಯ ತರಕಾರಿ ಬೇಕೆ?

ಪುಡಿಗೆ: ಕಡಲೆಬೇಳೆ 3 ದೊಡ್ಡ ಚಮಚ, ಉದ್ದಿನಬೇಳೆ ಒಂದೂವರೆ, ಕೊತ್ತಂಬರಿ ಬೀಜ 4, ಜೀರಿಗೆ 1 ಚಿಕ್ಕ ಚಮಚ, ಮೆಂತ್ಯ ಕಾಲು ಚಿಕ್ಕ ಚಮಚ, ಚಕ್ಕೆ ಒಂದಿಂಚು, ಲವಂಗ 4, ಏಲಕ್ಕಿ 2, ಮರಾಠಿ ಮೊಗ್ಗು 2, ಬೀಜ ಉದುರಿಸಿದ ಬ್ಯಾಡಗಿ 12, ಕೊನೆಯಲ್ಲಿ ಒಣಕೊಬ್ಬರಿ ತುರಿ 3 ದೊಡ್ಡ ಚಮಚ. ಗುಂಟೂರು ಮೆಣಸಿನಕಾಯಿ ಒಂದೂ ಬೇಡ. ಬಣ್ಣ ಬ್ಯಾಡಗಿಯಿಂದ ಬರುತ್ತದೆ, ಖಾರ ಅವರಿಗೆ ಅಷ್ಟೇ ಸಾಕು. ಬೇರೆಬೇರೆಯಾಗಿ ಹುರಿದು, ಪೂರ್ತಿ ಆರಿಸಿ, ಬ್ಲೇಡಿನ ಕಾಫಿ ಮಿಲ್ಲಿನಲ್ಲಿ ಪುಡಿ ಮಾಡಿದೆ. ಆಮೇಲೆ ಅದರಲ್ಲಿ ಒಂದು ಹಿಡಿ ಒಣ ಅಕ್ಕಿಯನ್ನು ಎರಡು ಸಲ ತಿರುಗಿಸಿ ಚೆಲ್ಲದಿದ್ದರೆ ಮರುದಿನ ಅವರ ಕಾಫಿ ಮಸಾಲೆ ನಾರುತ್ತದೆ.

ತುಪ್ಪ ಅಲ್ಲೇ ಕಾಯಿಸಿ. 250 ಗ್ರಾಂ ಬೆಣ್ಣೆಗೆ ಸುಮಾರು 200 ಗ್ರಾಂ ತುಪ್ಪ. ಸಿಹಿ ಕೆನೆಯ ಬೆಣ್ಣೆ, ಹುಳಿ ಕೆನೆಯ ಬೆಣ್ಣೆ ಎಂದು ಎರಡು ಬಗೆ ಇರುತ್ತವೆ. ಸೌವರ್‌ರಾಮ್‌ ಎಂದು ಬರೆದಿರುವ ಹುಳಿ ಕೆನೆಯದನ್ನೇ ತನ್ನಿ. ಮೊಸರು ಕಡೆದು ತೆಗೆದ ಬೆಣ್ಣೆಯ ವಾಸನೆಗೆ ಅದೇ ಹತ್ತಿರ. ಸಣ್ಣ ಉರಿಯಲ್ಲಿ ಚಟಪಟ ಸದ್ದು ಅಡಗಿ, ಎರಡನೆಯ ಸಲ ಸಣ್ಣ ನೊರೆ ಏಳುವಾಗ ತಳದ ಗಸಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆಗಲೇ ಇಳಿಸಬೇಕು.

ನಮ್ಮವರು ಹೆಚ್ಚು ಸೋಲುವುದು ಬೇಳೆಯಲ್ಲಿ. ಜರ್ಮನಿಯ ಬಹಳಷ್ಟು ಊರುಗಳ ನಲ್ಲಿ ನೀರು ಗಡಸು; ಅವರ ಅಳತೆಯಲ್ಲಿ 14 ಡಿಗ್ರಿ ದಾಟಿದರೆ ಗಡಸು ನೀರೆಂದೇ ಲೆಕ್ಕ. ನೀರಿನ ಸುಣ್ಣದಂಶ ಬೇಳೆಯನ್ನು ಒಳಗೇ ಬಿಗಿದಿಡುವ ಅಂಟಾದ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಗಟ್ಟಿ ಮಾಡುತ್ತದೆ, ಎಷ್ಟು ಬೇಯಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಫಿಲ್ಟರ್ ಜಗ್ಗಿನ ನೀರು ಹಾಕಿ, ಇಲ್ಲವೇ ಚಿಟಿಕೆ ಅಡುಗೆ ಸೋಡಾ. ಅಂಗಡಿಯಲ್ಲಿ ನಾಟ್ರೋನ್ ಎಂದು ಕೇಳಿ. ಬಾಕ್‌ಪುಲ್ವರ್ ಎನ್ನುವುದು ಬೇಕಿಂಗ್ ಪೌಡರ್, ಅದರಲ್ಲಿ ಆಮ್ಲವೂ ಇರುತ್ತದೆ. ಹುಣಸೆ ರಸ ಬೇಳೆ, ತರಕಾರಿ ಎರಡೂ ಬೆಂದ ಮೇಲೆಯೇ.

200 ಗ್ರಾಂ ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ, 700 ಮಿಲಿ ನೀರು, ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿಡಿ. ಅವರ ಕುಕ್ಕರು ಕೂಗುವುದಿಲ್ಲ. ಹಿಡಿಯ ಹತ್ತಿರದ ಕಡ್ಡಿ ಮೇಲೇರಿ ಉಂಗುರದ ಗುರುತು ಕಾಣುತ್ತದೆ. ಎರಡನೆಯ ಉಂಗುರ ಕಂಡ ಮೇಲೆ ಗಡಿಯಾರ ನೋಡಿ 10 ನಿಮಿಷ. ಬೇಳೆ ನೊರೆಯುವುದರಿಂದ ಅರ್ಧಕ್ಕಿಂತ ಮೇಲೆ ತುಂಬಬಾರದು, ಹಾಗಾಗಿ ಅಕ್ಕಿ ಬೇರೆ ಪಾತ್ರೆಯಲ್ಲಿ. ಗಾಜಿನ ಮೇಲ್ಮೈಯ ವಿದ್ಯುತ್ ಒಲೆಯನ್ನು ಆರಿಸಿದರೂ ಅದು ಬಹಳ ಹೊತ್ತು ಕಾದೇ ಇರುತ್ತದೆ. ಕುಕ್ಕರನ್ನು ಎತ್ತಿ ಪಕ್ಕಕ್ಕಿಡದಿದ್ದರೆ ತಳ ಹಿಡಿಯುತ್ತದೆ.

ಅಕ್ಕಿ 300 ಗ್ರಾಂ, ನೀರು 1.2 ಲೀಟರ್, ಮೆತ್ತಗೆ ಬೇಯಬೇಕು. ಸೋನಾ ಮಸೂರಿ ಸಿಗದಿದ್ದರೆ ಅವರು ಹಾಲಿನ ಪಾಯಸಕ್ಕೆ ಬಳಸುವ ಗುಂಡು ಅಕ್ಕಿ ಚೆನ್ನಾಗಿಯೇ ಹೊಂದುತ್ತದೆ. ಬಾಸುಮತಿ ಬೇಡವೇ ಬೇಡ. ಐದಾರು ಲೀಟರಿನ ದಪ್ಪ ತಳದ ಪಾತ್ರೆಯಲ್ಲಿ ನವಿಲುಕೋಸು 200, ಕ್ಯಾರೆಟ್ 150, ಬೀನ್ಸ್ 150, ಬಟಾಣಿ 100 ಗ್ರಾಂ ಬೇಯಿಸಿ. ನಿಂಬೆ ಗಾತ್ರದ ಹುಣಸೆಯ ರಸ, ಒಂದು ದೊಡ್ಡ ಚಮಚ ಬೆಲ್ಲ, ಉಪ್ಪು, 6 ದೊಡ್ಡ ಚಮಚ ಪುಡಿ ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಿ, ಆಮೇಲೆ ಬೇಳೆ, ಕೊನೆಗೆ ಅನ್ನ. ಅರ್ಧ ಲೀಟರು ಬಿಸಿನೀರು ಪಕ್ಕದಲ್ಲೇ ಇರಲಿ. ಸೌಟು ಎತ್ತಿದರೆ ಗಂಟಾಗಿ ನಿಲ್ಲದೆ ಜಾರಿ ಬೀಳಬೇಕು. ಇಳಿಸುವಾಗ ತೆಳ್ಳಗಾಯಿತೇನೋ ಅನ್ನಿಸಿದರೆ ಬಡಿಸುವಾಗ ಸರಿಯಾಗಿರುತ್ತದೆ.

ಒಗ್ಗರಣೆಗೆ ಎತ್ತರದ ಪಾತ್ರೆ, ಮೇಲೆ ಮುಚ್ಚಳ. ಅಡುಗೆಮನೆಯ ಬಾಗಿಲು ಹಾಕಿ, ಕಿಟಕಿ ತೆರೆಯಿರಿ. ಮೊಗಸಾಲೆಯಲ್ಲಿ ಹೊಗೆ ಅಲಾರಂ ಇರುತ್ತದೆ. 4 ದೊಡ್ಡ ಚಮಚ ತುಪ್ಪಕ್ಕೆ ಸಾಸಿವೆ ಸಿಡಿದೊಡನೆ ಪಾತ್ರೆಯನ್ನು ಒಲೆಯಿಂದ ಎತ್ತಿ ಕೈಯಲ್ಲಿ ಹಿಡಿದುಕೊಂಡೇ ಗೋಡಂಬಿ, ಇಂಗು, ಕರಿಬೇವು ಹಾಕಿ. ಈ ಒಲೆಯಲ್ಲಿ ಉರಿ ತಗ್ಗಿಸುತ್ತೇನೆ ಎಂದರೆ ತಗ್ಗುವಷ್ಟರಲ್ಲಿ ಇಂಗು ಕರಕಲಾಗಿರುತ್ತದೆ.

ಕೋಸಂಬರಿಗೆ 100 ಗ್ರಾಂ ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು. ಅಲ್ಲಿನ ಉದ್ದ ಸೌತೆಕಾಯಿಯ ನಡುವಿನ ತಿರುಳು ನೀರು ನೀರು. ಚಮಚದಲ್ಲಿ ಕೆರೆದು ತೆಗೆದು ಹೆಚ್ಚಿ. ಉಪ್ಪು, ನಿಂಬೆರಸ ಬಡಿಸುವ ಹೊತ್ತಿಗೆ. ಪ್ಯಾಕೆಟ್ಟಿನ ಒಣ ತೆಂಗಿನತುರಿಯನ್ನು ಎರಡು ಚಮಚ ಬಿಸಿನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ಬಾಯಿಗೆ ಮರಳು ಸಿಕ್ಕಂತೆ ಆಗುವುದಿಲ್ಲ.

ಕೇಸರಿಬಾತಿನಲ್ಲಿ ರವೆ ಮೋಸ ಮಾಡುತ್ತದೆ. ಮೆದು ಗೋಧಿಯ ರವೆ ಚಿರೋಟಿ ರವೆಯಷ್ಟು ನುಣ್ಣಗೆ, ಕಡೆದರೆ ಅಂಟಾಗುತ್ತದೆ. ಹಾರ್ಟ್‌ವೈಟ್ಸನ್ ಎಂದು ಬರೆದ ಗಟ್ಟಿ ಗೋಧಿಯ ರವೆ ತನ್ನಿ. ಒಂದು ಬಟ್ಟಲು ರವೆಗೆ ಅರ್ಧ ಬಟ್ಟಲು ತುಪ್ಪ, ಎರಡೂವರೆ ಬಟ್ಟಲು ಕುದಿಯುವ ನೀರು, ಮುಕ್ಕಾಲು ಬಟ್ಟಲು ಸಕ್ಕರೆ, ಹೆಚ್ಚಿದ ಅನಾನಸು. ರವೆ ನೀರು ಕುಡಿದು ಅರಳಿದ ಮೇಲೆ ಸಕ್ಕರೆ. ಮೊದಲೇ ಹಾಕಿದರೆ ರವೆ ಬೇಯುವುದಿಲ್ಲ. ಗ್ರೀಸ್‌ಬ್ರೈ ಎಂಬ ಹಾಲಿನ ರವೆ ಗಂಜಿ ತಿಂದು ಬೆಳೆದವರಿಗೆ ಇದು ತೀರ ಹೊಸದಲ್ಲ, ಆದ್ದರಿಂದಲೇ ಇದನ್ನು ಆರಿಸಿದ್ದು.

ಶನಿವಾರ ಸಂಜೆ ಪುಡಿ, ತುಪ್ಪ; ಭಾನುವಾರ 10 ಗಂಟೆಗೆ ಬೇಳೆ, 11ಕ್ಕೆ ಕೇಸರಿಬಾತ್, 12:15ಕ್ಕೆ ಒಗ್ಗರಣೆ. ಸೂಪಿನ ಆಳ ತಟ್ಟೆಗಳಲ್ಲಿ ಬಡಿಸಿ, ಮೇಲೆ ಒಂದೊಂದು ಚಮಚ ತುಪ್ಪ ಬಿಡಿ.

ಅಳತೆಗಳನ್ನೆಲ್ಲ ಗ್ರಾಂ ಲೆಕ್ಕದಲ್ಲಿ ಬರೆದು, ಮಿಕ್ಕ ಪುಡಿಯ ಜೊತೆ ಫ್ರೀಜರಿನಲ್ಲಿಟ್ಟು ಬನ್ನಿ. ಚೀಟಿಯ ಕೊನೆಗೆ ಇಷ್ಟು ಸೇರಿಸಿ: ಮಿಕ್ಕ ಬಿಸಿಬೇಳೆಬಾತ್ ಫ್ರಿಜ್ಜಿನಲ್ಲಿ ಕಲ್ಲಾಗುತ್ತದೆ, ಕೆಟ್ಟಿದೆಯೆಂದು ಚೆಲ್ಲಬೇಡಿ. ಒಂದು ತಟ್ಟೆಗೆ ಅರ್ಧ ಲೋಟ ಕುದಿಯುವ ನೀರು ಹಾಕಿ ಸಣ್ಣ ಉರಿಯಲ್ಲಿ ಕದಡಿದರೆ ಮತ್ತೆ ಹದಕ್ಕೆ ಬರುತ್ತದೆ.