ಬಟನ್ ಒತ್ತುವ ಮೊದಲು ಊಹೆ ಬರೆಸಿ: ತಂತ್ರಜ್ಞಾನ ಬಳಸಿ ವಿಜ್ಞಾನ ಪಾಠ ಕಟ್ಟುವುದು ಹೇಗೆ?

ಮೈಸೂರು, ಮಂಡ್ಯ ಕಡೆಯ ಪ್ರೌಢಶಾಲೆಗಳಿಗೆ ಬಿ.ಎಡ್., ಎಂ.ಎಡ್. ವಿದ್ಯಾರ್ಥಿಗಳು ಅಭ್ಯಾಸ ಪಾಠಕ್ಕೆ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಆ ಪಾಠಗಳನ್ನು ನೋಡುತ್ತಿರುತ್ತೇನೆ. ಲ್ಯಾಪ್‌ಟಾಪ್ ತೆರೆದು ಅನಿಮೇಷನ್ ಹಾಕುತ್ತಾರೆ, 'ಅರ್ಥ ಆಯ್ತಾ?' ಅನ್ನುತ್ತಾರೆ. 'ಆಯ್ತು ಮಿಸ್' ಅಂತ ಇಡೀ ಕ್ಲಾಸು ಕೂಗುತ್ತದೆ. ಏನು ಅರ್ಥವಾಯಿತು ಅಂತ ಮಾತ್ರ ಯಾರೂ ವಿಚಾರಿಸುವುದಿಲ್ಲ. ಇಷ್ಟು ಶ್ರಮಪಟ್ಟ ಪಾಠ ಹೀಗೆ ಕೈತಪ್ಪುವುದನ್ನು ನೋಡಿದರೆ ಸಂಕಟವಾಗುತ್ತದೆ.

ಪರೀಕ್ಷೆಯಲ್ಲಿ ಟಿಪ್ಯಾಕ್ ಬಗ್ಗೆ ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ. ಪುನ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಮಂಡಿಸಿದ ಚೌಕಟ್ಟು ಅದು. ವಿಷಯ, ಬೋಧನೆ, ತಂತ್ರಜ್ಞಾನ ಮೂರೂ ಹೆಣೆದುಕೊಂಡಿರಬೇಕು ಅನ್ನುತ್ತದೆ. ಆದರೆ ಪಾಠಯೋಜನೆಗೆ ಕೂತಾಗ ಮೊದಲು ಆ್ಯಪ್ ಆರಿಸಿ, ಆಮೇಲೆ ಅದಕ್ಕೆ ಹೊಂದುವ ಪಾಠ ಹುಡುಕುತ್ತಾರೆ. ಇದನ್ನು ತಿರುಗಿಸಿ.

ಹಂತ 1. ಮಕ್ಕಳ ತಲೆಯಲ್ಲಿರುವ ಒಂದು ತಪ್ಪು ತಿಳಿವಳಿಕೆ ಆರಿಸಿ. ಒಂದೇ ಸಾಕು. ವಿದ್ಯುತ್ ಪಾಠದಲ್ಲಿ 'ಬಲ್ಬ್ ಕರೆಂಟನ್ನು ತಿಂದುಬಿಡುತ್ತೆ' ಅನ್ನುವ ನಂಬಿಕೆ ತುಂಬಾ ಗಟ್ಟಿ. ಅದನ್ನೇ ಹಿಡಿಯೋಣ.

ಹಂತ 2. ಈಗ ಸಾಧನ. ಇಲ್ಲಿಗೆ ಫೆಟ್ (PhET) ಸಿಮ್ಯುಲೇಷನ್, ಅಂದರೆ ಕಂಪ್ಯೂಟರ್ ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಸಾಧನ, ಸರಿಹೊಂದುತ್ತದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಅದು. ಪೂರ್ತಿ ಉಚಿತ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ಶಾಲೆಯ ವೈಫೈ ನಂಬಿಕೊಂಡು ಹೋಗಬೇಡಿ. ಸಣ್ಣ, ಅಗ್ಗದ ಎಲ್ಇಡಿ ಪ್ರೊಜೆಕ್ಟರನ್ನೂ ಕೊಳ್ಳಬೇಡಿ. ಡಬ್ಬಿಯ ಮೇಲೆ ಎಷ್ಟೇ ಸಾವಿರ ಲ್ಯೂಮೆನ್ ಅಂತ ಬರೆದಿರಲಿ, ಹಗಲಿನ ತರಗತಿಯಲ್ಲಿ ಗೋಡೆ ಮೇಲೆ ಏನೂ ಕಾಣಿಸುವುದಿಲ್ಲ.

ಹಂತ 3. ಊಹೆ ಬರೆಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಪಾಠಕ್ಕಿರುವ ಸಮಯದಲ್ಲಿ ಕಾಲು ಭಾಗವನ್ನಾದರೂ ಇದಕ್ಕೇ ಇಡಿ.

ಒಂದು ಸೆಲ್, ಒಂದು ಬಲ್ಬ್ ಇರುವ ಚಿತ್ರವನ್ನು ಬೋರ್ಡಿನ ಮೇಲೆ ಬರೆಯಿರಿ. ಬಲ್ಬಿಗೆ ಮೊದಲು ಕರೆಂಟ್ ಅಳೆಯುವ ಒಂದು ಅಮ್ಮೀಟರ್, ನಂತರ ಇನ್ನೊಂದು. ಎರಡನೆಯದರ ಅಂಕಿ ಮೊದಲನೆಯದಕ್ಕಿಂತ ಕಡಿಮೆಯೋ, ಅಷ್ಟೇಯೋ, ಸೊನ್ನೆಯೋ? ಪ್ರತಿ ಮಗುವೂ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಉತ್ತರ ಬರೆಯಬೇಕು. ಪೆನ್ಸಿಲ್ ಬೇಡ, ಆಮೇಲೆ ಸದ್ದಿಲ್ಲದೆ ಅಳಿಸಿಬಿಡುತ್ತಾರೆ. ಕೆಳಗೆ 'ಯಾಕೆಂದರೆ' ಅಂತ ಶುರುವಾಗುವ ಒಂದು ಸಾಲೂ ಇರಬೇಕು. ನಿಜವಾದ ತಿಳಿವಳಿಕೆ ಹೊರಬೀಳುವುದು ಆ ಸಾಲಿನಲ್ಲಿ.

ನಂತರ ಕೈ ಎತ್ತಿಸಿ, ಯಾವ ಉತ್ತರಕ್ಕೆ ಎಷ್ಟು ಜನ ಅಂತ ಬೋರ್ಡಿನ ಮೇಲೆ ಬರೆಯಿರಿ. ಮುಂದಿನ ಬೆಂಚಿನ ಜಾಣರನ್ನು ಮೊದಲು ಮಾತಾಡಿಸಬೇಡಿ, ಉಳಿದವರೆಲ್ಲ ಅವರ ಕಡೆ ವಾಲುತ್ತಾರೆ. ಬೇರೆ ಬೇರೆ ಉತ್ತರ ಬರೆದವರನ್ನು ಜೋಡಿ ಮಾಡಿ ವಾದಕ್ಕೆ ಬಿಡಿ. ಗದ್ದಲವಾಗುತ್ತದೆ, ಆಗಲಿ. ನಿಮ್ಮ ಮುಖದಲ್ಲಿ ಮಾತ್ರ ಉತ್ತರ ಕಾಣಬಾರದು. 'ವೆರಿ ಗುಡ್' ಅಂತ ಬಾಯಿತಪ್ಪಿ ಬಂದರೂ ಅಲ್ಲಿಗೆ ಊಹೆ ಮುಗಿಯಿತು.

ಈಗ ವಿದ್ಯುತ್ ಮಂಡಲ ಕಟ್ಟುವ ಸಿಮ್ಯುಲೇಷನ್ ತೆರೆದು, ಬೋರ್ಡಿನ ಮೇಲಿನ ಚಿತ್ರವನ್ನೇ ಅದರಲ್ಲಿ ಜೋಡಿಸಿ. ಫೆಟ್‌ನಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬ್ 10 ಓಮ್ ಇರುತ್ತದೆ. ಎರಡೂ ಅಮ್ಮೀಟರ್ 0.90 ಆಂಪೇರ್ ತೋರಿಸುತ್ತವೆ. ಸುಮ್ನೆ ಇರಿ, ವಿವರಿಸಬೇಡಿ. ತಮ್ಮ 'ಯಾಕೆಂದರೆ' ಸಾಲಿನ ಕೆಳಗೆ ಮಕ್ಕಳೇ ಹೊಸ ಸಾಲು ಬರೆಯಲಿ. ಒಂದು ಎಚ್ಚರ: ಅದರಲ್ಲಿ ಮೊದಲಿಗೆ ಎಲೆಕ್ಟ್ರಾನುಗಳ ಚಲನೆ ಕಾಣುತ್ತದೆ, ಪುಸ್ತಕದ ಬಾಣಕ್ಕೆ ಅದು ಉಲ್ಟಾ. ಮೊದಲೇ ಸಾಂಪ್ರದಾಯಿಕ ಪ್ರವಾಹಕ್ಕೆ (ಧನ ತುದಿಯಿಂದ ಋಣ ತುದಿಯ ಕಡೆಗೆ ತೋರಿಸುವುದಕ್ಕೆ) ಬದಲಿಸಿಕೊಳ್ಳಿ.

ಹಂತ 4. ನಿಜವಾದ ಬಲ್ಬ್ ಉರಿಸಿ. ಇದನ್ನು ಬಿಡಲೇಬೇಡಿ. 'ಕಂಪ್ಯೂಟರಲ್ಲಿ ಹಂಗೆ ಮಾಡಿರ್ತಾರೆ ಬಿಡಿ ಮಿಸ್' ಅನ್ನುವ ಹುಡುಗ ಪ್ರತಿ ಕ್ಲಾಸಿನಲ್ಲೂ ಇರುತ್ತಾನೆ. ಅವನ ಅನುಮಾನ ನ್ಯಾಯವಾದದ್ದೇ. ರೆಡಿಮೇಡ್ ಕಿಟ್ ಬೇಡ, ಅದರ ಹೋಲ್ಡರ್ ಸಡಿಲ. ಮೈಸೂರಿನ ಶಿವರಾಂಪೇಟೆಯ ಅಂಗಡಿಗಳಲ್ಲಿ ಟಾರ್ಚ್ ಬಲ್ಬ್, ಸೆಲ್, ಅಮ್ಮೀಟರಿನ ಬದಲಿಗೆ ಎರಡು ಮಲ್ಟಿಮೀಟರ್ ಬಿಡಿಯಾಗಿ ತೆಗೆದುಕೊಳ್ಳಿ. ಮೀಟರಿನ ಕೆಂಪು ವೈರನ್ನು 10 ಆಂಪೇರ್ ತೂತಿಗೇ ಹಾಕಿ. 200 ಮಿಲಿ ಆಂಪೇರ್ ಕಡೆ ಹಾಕಿದರೆ ಟಾರ್ಚ್ ಬಲ್ಬಿನ ಕರೆಂಟಿಗೇ ಒಳಗಿನ ಫ್ಯೂಸ್ ಹೋಗಬಹುದು.

ಇನ್ನೊಂದು ತೊಡಕಿದೆ. ಅಗ್ಗದ ಮೀಟರುಗಳಲ್ಲಿ ಒಂದು 0.28, ಇನ್ನೊಂದು 0.27 ತೋರಿಸಬಹುದು. 'ನೋಡಿ, ಕಡಿಮೆಯಾಯ್ತು!' ಅಂತ ಯಾರಾದರೂ ಕೂಗಿಯೇ ಕೂಗುತ್ತಾರೆ. ಗಾಬರಿ ಬೇಡ. ಎರಡು ಮೀಟರನ್ನೂ ಅದಲುಬದಲು ಮಾಡಿ. ಈಗ ಬಲ್ಬ್ ದಾಟಿದ ಮೇಲೇ ಜಾಸ್ತಿ ಬರುತ್ತದೆ, ಅಂದರೆ ವ್ಯತ್ಯಾಸ ಮೀಟರಿನದು. ಅಳತೆಯಲ್ಲಿ ದೋಷ ಅಂದರೇನು ಅಂತ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

ಹಂತ 5. ಪಾಠದ ಹಿಂದಿನ ದಿನವೇ ಅದೇ ಕೋಣೆಯಲ್ಲಿ, ಅದೇ ಲ್ಯಾಪ್‌ಟಾಪಿನಲ್ಲಿ ಸಿಮ್ಯುಲೇಷನ್ ಒಮ್ಮೆ ಓಡಿಸಿ ನೋಡಿ. ಪವರ್ ಹೋದರೆ ಹಂತ 4ನ್ನೇ ಮೊದಲು ಮಾಡಿ.

ಹಂತ 6. ಮರುದಿನ ಯಾವ ಯಂತ್ರವೂ ಇಲ್ಲದೆ ಕೇಳಿ: ಒಂದೇ ತರಹದ ಎರಡು ಬಲ್ಬ್ ಸರಣಿಯಲ್ಲಿದ್ದರೆ ಯಾವುದು ಜಾಸ್ತಿ ಬೆಳಗುತ್ತದೆ? ಎರಡೂ ಒಂದೇ ಸಮ ಬೆಳಗುತ್ತವೆ. 'ಮೊದಲನೆಯದು' ಅಂತ ಬರೆದವರ ತಲೆಯಲ್ಲಿ ಬಲ್ಬ್ ಇನ್ನೂ ಕರೆಂಟು ತಿನ್ನುತ್ತಲೇ ಇದೆ, ಅವರ ನೋಟ್‌ಬುಕ್ಕುಗಳನ್ನು ಬೇರೆ ಇಡಿ. ಮುಂದಿನ ಪಾಠಯೋಜನೆಯನ್ನು ಅವುಗಳಿಂದಲೇ ಶುರುಮಾಡಿ.