ಕ್ವಿಯರ್ ಟೀನೇಜ್ ಮಕ್ಳನ್ನ ಸಿಯೆರಾ ಬೆಟ್ಟಕ್ಕೆ ಬ್ಯಾಕ್‌ಪ್ಯಾಕಿಂಗ್ ಕರ್ಕೊಂಡು ಹೋಗೋರಿಗೆ

ಕ್ಯಾಲಿಫೋರ್ನಿಯಾದಲ್ಲಿ ವೀಕೆಂಡ್ ಬಂದ್ರೆ ಬೆಟ್ಟ ಹತ್ತೋ ಕನ್ನಡದವ್ರು ಸುಮಾರು ಜನ ಇದೀವಿ, ಯೂತ್ ಗ್ರೂಪ್‌ಗಳಲ್ಲಿ ವಾಲಂಟಿಯರ್ ಮಾಡೋರೂ ಇದಾರೆ, ಅವ್ರಿಗಾಗಿ ಇದನ್ನ ಬರೀತಿದೀನಿ. ಎಲ್‌ಜಿಬಿಟಿಕ್ಯೂ ಮಕ್ಳು (ಗೇ, ಲೆಸ್ಬಿಯನ್, ಟ್ರಾನ್ಸ್, ಹೀಗೆ ಒಟ್ಟಾಗಿ ಕ್ವಿಯರ್ ಅಂತಾರಲ್ಲ, ಅವ್ರು), ಅದ್ರಲ್ಲೂ ಬ್ಲ್ಯಾಕ್, ಲ್ಯಾಟಿನೋ, ನೇಟಿವ್ ಅಮೆರಿಕನ್, ಏಶಿಯನ್, ನಮ್ಮ ದೇಸಿ ಮಕ್ಳು, ಇವ್ರನ್ನ ಮೂರ್ನಾಲ್ಕು ದಿನ ಕಾಡಿಗೆ ಕರ್ಕೊಂಡು ಹೋಗ್ಬೇಕು ಅಂದ್ರೆ ಮ್ಯಾಪ್ ಓದಕ್ಕೆ ಸ್ಟೋವ್ ಹಚ್ಚಕ್ಕೆ ಬಂದ್ರೆ ಸಾಲಲ್ಲ. ನಾನು ಎಲ್ಲಾ ಲೀಡರ್‌ಗಳಿಗೂ ಹೇಳೋದು ಒಂದೇ ಮಾತು. ಯಾವ ಮಗೂನೂ ತನಗೆ ಬೇಕಾದ್ದನ್ನ ಎಲ್ರ ಮುಂದೆ ಬಾಯಿಬಿಟ್ಟು ಕೇಳೋ ಪರಿಸ್ಥಿತಿ ಬರಬಾರ್ದು, ಅದು ಮೊದ್ಲೇ ಎಲ್ರಿಗೂ ಸಿಕ್ಕಿರ್ಬೇಕು. ಅರ್ಧಕ್ಕರ್ಧ ಕೆಲಸ ಟ್ರೇಲ್‌ಹೆಡ್, ಅಂದ್ರೆ ನಡಿಗೆ ಶುರುವಾಗೋ ಜಾಗ, ತಲುಪೋ ಮುಂಚೆನೇ ಮುಗಿದಿರ್ಬೇಕು, ಇಲ್ಲಾಂದ್ರೆ ಅಲ್ಲಿ ಹೋದ್ಮೇಲೆ ಸರಿಮಾಡಕ್ಕಾಗಲ್ಲ.

ಜಾಗದ ವಿಷಯದಿಂದ ಶುರು ಮಾಡೋಣ. ಮೊದಲನೇ ಸಲ ಬರೋ ಮಕ್ಳಿಗೆ ಯೋಸೆಮಿಟಿ ಬೇಡ, ಸ್ಯಾನ್ ಫ್ರಾನ್ಸಿಸ್ಕೋ ಹತ್ರ ಸಮುದ್ರದ ದಡದಲ್ಲಿರೋ ಪಾಯಿಂಟ್ ರೇಯ್ಸ್ ಸಾಕು. ಅಲ್ಲಿ ಸ್ಕೈ ಕ್ಯಾಂಪ್, ಕೋಸ್ಟ್ ಕ್ಯಾಂಪ್ ಎರಡಕ್ಕೂ ಒಂದೆರಡು ಮೈಲಿ ನಡೆದ್ರೆ ಆಯ್ತು, ಟಾಯ್ಲೆಟ್ ಇದೆ, ಊಟ ಇಡಕ್ಕೆ ಲಾಕರ್ ಇದೆ, ಆಲ್ಟಿಟ್ಯೂಡ್ ತಲೆನೋವಿಲ್ಲ, ಯಾರಿಗಾದ್ರೂ ರಾತ್ರಿ ಭಯ ಆಗಿ ವಾಪಸ್ ಹೋಗ್ಬೇಕು ಅನ್ಸಿದ್ರೂ ಕಾರು ಹತ್ರ. ಅಲ್ಲಿ ಒಂದು ರಾತ್ರಿ ಕಳೆದ್ಮೇಲೆ ಬೇಸಿಗೇಲಿ ಯೋಸೆಮಿಟಿಯ ಎತ್ತರದಲ್ಲಿರೋ ಟುವಾಲಮಿ ಮೆಡೋಸ್ ಕಡೆ ಯೋಚನೆ ಮಾಡಿ. ಯೋಸೆಮಿಟಿ ಕಾಡಲ್ಲಿ ರಾತ್ರಿ ಉಳಿಯಕ್ಕೆ ಬೇಕಾದ ವೈಲ್ಡರ್ನೆಸ್ ಪರ್ಮಿಟ್ ರಿಕ್ರಿಯೇಶನ್ ಡಾಟ್ ಗವ್‌ನಲ್ಲಿ ಸಿಗತ್ತೆ, 60 ಪರ್ಸೆಂಟ್ ಸುಮಾರು 24 ವಾರ ಮುಂಚೆ ಲಾಟರೀಲಿ, ಉಳಿದ 40 ಪರ್ಸೆಂಟ್ 7 ದಿನ ಮುಂಚೆ ಬೆಳಗ್ಗೆ 7 ಗಂಟೆಗೆ ಬಿಡ್ತಾರೆ. ಟ್ರೇಲ್ ಮೇಲೆ ಗುಂಪು 15 ಜನ ದಾಟೋ ಹಾಗಿಲ್ಲ, ಆದ್ರೆ 15ರ ತನಕ ತುಂಬಿಸ್ಬೇಡಿ, 8 ಮಕ್ಳು 3 ದೊಡ್ಡೋರು ಅಂದ್ರೆ ಚೆನ್ನಾಗಿರತ್ತೆ. ಮೂರು ಯಾಕೆ ಅಂದ್ರೆ ಒಬ್ರು ಏಟಾದ ಮಗು ಜೊತೆ ಕೆಳಗಿಳಿದ್ರೂ ಉಳಿದ ಮಕ್ಳ ಜೊತೆ ಇಬ್ರು ಇರ್ಬೇಕು, ಒಬ್ಬ ದೊಡ್ಡೋರು ಒಂದು ಮಗು ಅಂತ ಒಂಟಿಯಾಗಿ ಇರೋ ಸಂದರ್ಭ ಆದಷ್ಟು ತಪ್ಪಿಸ್ಬೇಕು, ಬೇರೆ ದಾರೀನೇ ಇಲ್ದೆ ಇಬ್ರೇ ಇಳೀಬೇಕಾದ್ರೆ ಫೋನ್ ಸಿಗ್ನಲ್ ಇಲ್ದೇನೂ ಮೆಸೇಜ್ ಕಳ್ಸೋ ಸ್ಯಾಟಲೈಟ್ ಮೆಸೆಂಜರ್‌ನಲ್ಲಿ ನಿಮ್ಮ ಗ್ರೂಪಿನ ಆಫೀಸ್‌ಗೆ ಹೇಳಿ ಹೊರಡಿ. ಒಬ್ರಿಗಾದ್ರೂ ವೈಲ್ಡರ್ನೆಸ್ ಫಸ್ಟ್ ರೆಸ್ಪಾಂಡರ್ ಸರ್ಟಿಫಿಕೇಟ್ ಇರ್ಲಿ, ಅದು 70-80 ಗಂಟೆ ಕೋರ್ಸು. ಮಿಕ್ಕೋರಿಗೆ 16 ಗಂಟೆ ಫಸ್ಟ್ ಏಡ್ ಕೋರ್ಸಾದ್ರೂ ಆಗಿರ್ಲಿ.

ಲೀಡರ್‌ಗಳು ಯಾರು ಅನ್ನೋದು ಅದಕ್ಕಿಂತ ದೊಡ್ಡ ವಿಷಯ. ಮೂರೂ ಜನ ಬಿಳಿಯರು, ಮೂರೂ ಜನ ಸ್ಟ್ರೇಟ್ ಆಗಿದ್ರೆ ಎಷ್ಟೇ ಒಳ್ಳೆಯವರಾಗಿದ್ರೂ ಮಕ್ಳಿಗೆ ಅರ್ಧ ಬಾಗಿಲು ಮುಚ್ಚಿದ ಹಾಗೇನೇ. ಬ್ಲ್ಯಾಕ್ ಜನರನ್ನ ಕಾಡು ಬೆಟ್ಟಕ್ಕೆ ಕರ್ಕೊಂಡು ಹೋಗೋ ಔಟ್‌ಡೋರ್ ಆಫ್ರೋ 2009ರಿಂದ ಕೆಲಸ ಮಾಡ್ತಿದೆ, ಲ್ಯಾಟಿನೋ ಔಟ್‌ಡೋರ್ಸ್ ಇದೆ, ಕ್ವಿಯರ್ ಜನರ ಬ್ಯಾಕ್‌ಪ್ಯಾಕಿಂಗ್‌ಗೇ ಅಂತ ವೆಂಚರ್ ಔಟ್ ಪ್ರಾಜೆಕ್ಟ್ ಇದೆ. ಇಂಥ ಕಡೆ ಕೆಲಸ ಮಾಡಿ ಅನುಭವ ಇರೋರನ್ನ ಹುಡುಕಿ, ಕರೆಸಿ, ಸಂಬಳ ಕೊಡಿ. ಸುಮ್ನೆ ಬನ್ನಿ ಮಕ್ಳಿಗೆ ಸ್ಫೂರ್ತಿ ಆಗತ್ತೆ ಅಂತ ಫ್ರೀಯಾಗಿ ಕರೆಯೋದು ನ್ಯಾಯ ಅಲ್ಲ.

ಫಾರ್ಮು, ಹೆಸ್ರು, ಮನೆಯವ್ರು

18 ತುಂಬದ ಮಕ್ಳಿಗೆ ಪೋಷಕರ ಸಹಿ ಬೇಕೇ ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ತಾನು ಕ್ವಿಯರ್ ಅಂತ ಮಗು ಮನೇಲಿ ಹೇಳ್ಕೊಂಡಿದೆಯೋ ಇಲ್ವೋ ನಿಮಗೆ ಗೊತ್ತಿರಲ್ಲ. ಹಾಗಾಗಿ ಅಪ್ಪ ಅಮ್ಮಂಗೆ ಫೋನ್ ಮಾಡೋ ಮುಂಚೆ ಮಗು ಜೊತೆ ಮಾತಾಡಿ, ಕ್ಯಾಂಪಲ್ಲಿ ನಿನ್ನ ಯಾವ ಹೆಸರಿಂದ ಕರೀಬೇಕು, ಮನೆಗೆ ಫೋನ್ ಮಾಡಿದಾಗ ಯಾವ ಹೆಸರು ಹೇಳ್ಬೇಕು, ಯಾವ ಪ್ರೊನೌನು (ಹಿ, ಶಿ, ದೇ), ಇವೆಲ್ಲ ಬೇರೆ ಬೇರೆ ಸಾಲಲ್ಲಿ ಬರೆಸ್ಕೊಳಿ. ಇನ್ಶೂರೆನ್ಸ್ ಕಾರ್ಡಲ್ಲಿರೋ ಹೆಸರು ಆಸ್ಪತ್ರೆಗೆ ಬೇಕಾಗತ್ತೆ, ಅದನ್ನ ಕವರಲ್ಲಿ ಹಾಕಿ ಅಂಟಿಸಿ ಮೇನ್ ಲೀಡರ್ ಹತ್ರ ಇಡಿ, ಬೇರೆಯವ್ರು ನೋಡೋದು ಬೇಡ. ಮನೆಗೆ ಹೋಗೋ ಇಮೇಲ್ ಸಬ್ಜೆಕ್ಟ್, ಬ್ಯಾಂಕ್ ರಸೀದಿ, ಟೀ ಶರ್ಟ್ ಮೇಲಿನ ಲೋಗೋ, ಇವುಗಳಿಂದಲೂ ವಿಷಯ ಹೊರಗೆ ಬೀಳತ್ತೆ, ಅದನ್ನೂ ಮಗೂನೇ ಕೇಳಿ. ಹಾಗಂತ ಪೋಷಕರಿಗೆ ಸುಳ್ಳು ಹೇಳೋದೂ ತಪ್ಪು. ಎಲ್ಲಿಗೆ, ಯಾರ ಜೊತೆ, ಎಷ್ಟು ದಿನ, ಏನು ಅಪಾಯ ಇರ್ಬೋದು ಅನ್ನೋದು ಅವರಿಗೆ ಪೂರ್ತಿ ಗೊತ್ತಿರ್ಲಿ, ಮಗು ತನ್ನ ಬಗ್ಗೆ ಹೇಳ್ಕೊಳೋದು ಬಿಡೋದು ಮಗೂಗೆ ಸೇರಿದ್ದು.

ನಮ್ಮೋರ ಮನೆ ಮಕ್ಳು ಬಂದಾಗ ಈ ಫೋನ್ ನಿಮ್ಮ ತಲೆಗೇ ಬರತ್ತೆ, ಕನ್ನಡ ಬರತ್ತಲ್ಲ ನೀವೇ ಮಾತಾಡಿ ಅಂತಾರೆ. ಮಗು ವಿಷಯ ಮೊದ್ಲೇ ಗೊತ್ತಿರೋ ಪೋಷಕರಾಗಿದ್ರೆ ಅವರ ಪ್ರಶ್ನೆ ತುಂಬಾ ಸೀದಾ ಇರತ್ತೆ, ರಾತ್ರಿ ಯಾರ ಜೊತೆ ಮಲಗ್ತಾರೆ, ಲೇಡೀಸ್ ಇರ್ತಾರಾ, ಕರಡಿ ಬಂದ್ರೆ ಏನ್ಮಾಡ್ತೀರ, ನಮ್ ಮಗು ವೆಜಿಟೇರಿಯನ್ ಕಣ್ರೀ. ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಕೊಡಿ, ಸಿದ್ಧಾಂತ ಹೇಳೋದು ಬೇಡ. ಊರಲ್ಲಿರೋ ಅಜ್ಜಿ ತಾತಂಗೆ ಏನಂತ ಹೇಳೋದು ಅಂತ ಒದ್ದಾಡೋ ಅಮ್ಮಂದಿರಿಗೆ ನಾನು ಮಂಜಮ್ಮ ಜೋಗತಿ ಅವರ ಹೆಸರು ಹೇಳ್ತೀನಿ. ಟ್ರಾನ್ಸ್ ಹೆಂಗಸು, ಜೋಗತಿ ನೃತ್ಯದ ಕಲಾವಿದೆ, ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದೋರು, 2021ರಲ್ಲಿ ಪದ್ಮಶ್ರೀ ಬಂದಿದ್ದು ಟಿವೀಲಿ ಎಲ್ರೂ ನೋಡಿದಾರೆ. ಆ ಹೆಸರಿಂದ ಮಾತು ಶುರುವಾದ್ರೆ ಇದೆಲ್ಲ ಅಮೆರಿಕದಲ್ಲಿ ಕಲಿತಿದ್ದು ಅನ್ನೋ ವಾದ ಅಷ್ಟು ಜೋರಾಗಿ ಬರಲ್ಲ.

ಫೋಟೋ ಬಗ್ಗೆ ನನ್ನ ನಿಯಮ ಕಟ್ಟುನಿಟ್ಟು, ಮಗು ತಾನಾಗೇ ಸರಿ ಅನ್ನೋ ತನಕ ಮುಖ ಕಾಣೋ ಫೋಟೋನೇ ಇಲ್ಲ, ಗುಂಪು ಎಲ್ಲಿದೆ ಅಂತ ಟ್ರಿಪ್ ಮುಗಿಯೋ ತನಕ ಎಲ್ಲೂ ಪೋಸ್ಟ್ ಮಾಡೋದಿಲ್ಲ.

ಬ್ಯಾಗ್ ಒಳಗೆ ಏನಿರ್ಬೇಕು

ಒಳ್ಳೆ ಪ್ಯಾಕು, ಸ್ಲೀಪಿಂಗ್ ಬ್ಯಾಗು, ಮಳೆ ಜಾಕೆಟ್ಟು, ಶೂ ಎಲ್ಲಾ ಸೇರಿದ್ರೆ ಲೆಕ್ಕ ಸಾವಿರ ಡಾಲರ್ ಹತ್ರ ಹೋಗತ್ತೆ, ಅದನ್ನ ಮನೆಯವ್ರ ಮೇಲೆ ಹಾಕಿದ್ರೆ ಯಾರು ಬರಲ್ಲ ಅನ್ನೋದು ಅಲ್ಲೇ ತೀರ್ಮಾನ ಆಗೋಯ್ತು. ಸಾಮಾನು ಎರವಲು ಕೊಡೋ ಗೇರ್ ಲೈಬ್ರರಿ ಮಾಡಿ, ಬಾಡಿಗೆಗೆ ತನ್ನಿ, ಎಲ್ರಿಗೂ ಕೊಡಿ, ಯಾರಿಗೆ ದುಡ್ಡಿಲ್ಲ ಕೈ ಎತ್ತಿ ಅನ್ನೋ ಕೆಲಸ ಮಾಡ್ಬೇಡಿ. ಪ್ಯಾಕ್‌ನಲ್ಲಿ ಮೆನ್ಸ್ ವಿಮೆನ್ಸ್ ಅಂತ ಲೇಬಲ್ ಇರತ್ತಲ್ಲ, ಅದಕ್ಕೆ ಟೇಪ್ ಹಚ್ಚಿ, ಬೆನ್ನಿನ ಉದ್ದ ಅಳತೆ ಮಾಡಿ ಕೊಡಿ. ಹಿಪ್ ಬೆಲ್ಟ್ ಸೊಂಟದ ಮೂಳೆ ಮೇಲೆ ಕೂತು ಭಾರ ಅಲ್ಲಿಗೆ ಬೀಳ್ಬೇಕು, ಮಗು ತೂಕದಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಿಸ್ಬೇಡಿ. ಪಟ್ಟಿ ಬಿಗಿ ಮಾಡೋ ಮುಂಚೆ ಮುಟ್ಲಾ ಅಂತ ಕೇಳಿ, ಇಲ್ಲಾಂದ್ರೆ ನಿಮ್ಮ ಮೈಮೇಲೆ ತೋರಿಸಿ, ಮಗು ತಾನೇ ಮಾಡ್ಕೊಳತ್ತೆ.

ಒಂದೇ ಥರದ ಜಿಪ್‌ಲಾಕ್ ಪೌಚ್ ಪ್ರತಿಯೊಬ್ರಿಗೂ ಕೊಡಿ, ಅದ್ರಲ್ಲಿ ಪ್ಯಾಡು, ಟಿಶ್ಯೂ, ಸ್ಯಾನಿಟೈಸರು, ಕಸ ಕಾಣದ ಹಾಗೆ ಹೊರಗಡೆ ಡಕ್ಟ್ ಟೇಪ್ ಸುತ್ತಿರೋ ಇನ್ನೊಂದು ಕವರು. ಹುಡುಗ ಹುಡುಗಿ ಅಂತ ಭೇದ ಬೇಡ, ಎಲ್ರಿಗೂ ಪ್ಯಾಡ್ ಇದ್ರೆ ಟ್ರಾನ್ಸ್ ಹುಡುಗ (ಹುಟ್ಟಿದಾಗ ಹೆಣ್ಣು ಅಂದಿದ್ರು, ಆದ್ರೆ ಅವನು ಹುಡುಗ) ಯಾರನ್ನೂ ಕೇಳ್ಬೇಕಾಗಿಲ್ಲ. ಟಾಯ್ಲೆಟ್‌ಗೂ ಹಂಗೇ. ಒಂದು ಮರಕ್ಕೆ ಸಣ್ಣ ಸಲಿಕೆ ಇರೋ ಚೀಲ ನೇತುಹಾಕಿ, ಚೀಲ ಇಲ್ಲ ಅಂದ್ರೆ ಆ ದಿಕ್ಕಲ್ಲಿ ಯಾರೋ ಇದಾರೆ, ಯಾರೂ ಹೋಗ್ಬಾರ್ದು, ಅಷ್ಟೇ. ನೀರಿಂದ 200 ಅಡಿ ದೂರ, 6ರಿಂದ 8 ಇಂಚು ಆಳ.

ಈಗ ಕೂದಲ ವಿಷಯ, ಇದನ್ನ ಬಹಳ ಜನ ಲೀಡರ್‌ಗಳು ಯೋಚನೆನೇ ಮಾಡಿರಲ್ಲ. ಯೋಸೆಮಿಟಿ ಕಾಡಲ್ಲಿ ಬೇರ್ ಕ್ಯಾನಿಸ್ಟರ್, ಅಂದ್ರೆ ಕರಡಿಗೆ ತೆಗೆಯಕ್ಕಾಗದ ಗಟ್ಟಿ ಡಬ್ಬಿ, ಕಡ್ಡಾಯ, ಊಟ ಅಷ್ಟೇ ಅಲ್ಲ ವಾಸನೆ ಬರೋದು ಏನೇ ಇದ್ರೂ ರಾತ್ರಿ ಅದ್ರೊಳಗೇ ಹೋಗ್ಬೇಕು, ಪೇಸ್ಟು, ಸನ್‌ಸ್ಕ್ರೀನು, ಕೊಬ್ಬರಿ ಎಣ್ಣೆ, ಶಿಯಾ ಬಟರ್, ಕರ್ಲ್ ಕ್ರೀಮ್ ಎಲ್ಲಾ. ಒಬ್ಬ ಬ್ಲ್ಯಾಕ್ ಹುಡುಗಿಗೆ ನಾಲ್ಕು ದಿನ ಒಣ ಗಾಳೀಲಿ ಕೂದಲು ಉಳಿಸ್ಕೊಳಕ್ಕೆ ಆ ಕ್ರೀಮು, ಮಲಗೋವಾಗ ಸ್ಯಾಟಿನ್ ಬಾನೆಟ್ಟು ಬೇಕೇ ಬೇಕು, ಅದನ್ನ ಶೋಕಿ ಅಂತ ತೆಗ್ಸಿ ಇಡೋ ಲೀಡರ್ ಆ ಹುಡುಗಿ ಮತ್ತೆ ಬರದ ಹಾಗೆ ಮಾಡ್ತಾರೆ. ಹಾಗಾಗಿ ಊಟ ಪ್ಯಾಕ್ ಮಾಡೋವಾಗ್ಲೇ ಕ್ಯಾನಿಸ್ಟರ್‌ನಲ್ಲಿ ಇದಕ್ಕೆ ಜಾಗ ಬಿಡಿ, ಸಣ್ಣ ಡಬ್ಬಿಗಳನ್ನ ನೀವೇ ತನ್ನಿ, ತಲೆಗೆ ಜಡೆ ಹಾಕಿಸ್ಕೊಂಡು ಬಂದ್ರೆ ಒಳ್ಳೇದು ಅಂತ ಎರಡು ವಾರ ಮುಂಚೆ ಎಲ್ರಿಗೂ ಬರೆದು ತಿಳಿಸಿ. ಸನ್‌ಸ್ಕ್ರೀನ್ ಕೂಡ ಅಷ್ಟೇ, ಕಪ್ಪು ಕಂದು ಚರ್ಮದ ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕೂರೋದನ್ನ ತಂದ್ರೆ ಮಕ್ಳು ಹಚ್ಚಲ್ಲ, ಬಿಸಿಲಿಗೆ ಸುಟ್ಕೊಳ್ತಾರೆ.

ಊಟಕ್ಕೆ ಎಲ್ರನ್ನೂ ಕೇಳಿ ಮೆನು ಮಾಡಿ, ಹಲಾಲ್, ವೆಜ್, ಟೋರ್ಟಿಯಾ ಬೀನ್ಸು, ಯಾರ ಮನೇದು ಏನೋ ಅದು. ನನ್ನ ಕಡೆಯಿಂದ ಗೊಜ್ಜವಲಕ್ಕಿ ಯಾವಾಗ್ಲೂ ಇರತ್ತೆ, ತೂಕ ಇಲ್ಲ, ಎತ್ತರದಲ್ಲಿ ಅನ್ನ ಬೇಯಕ್ಕೆ ಗ್ಯಾಸ್ ಸುಡೋ ತಾಪತ್ರಯ ಇಲ್ಲ, ಫಿಲ್ಟರ್ ಮಾಡಿದ ತಣ್ಣೀರಲ್ಲಿ ನೆಂದ್ರೂ ಆಗೋಯ್ತು.

ಮೈ, ಮದ್ದು, ಉಸಿರು

ಇದು ಲೀಡರ್‌ಗಳು ನಿಜವಾಗ್ಲೂ ಓದ್ಕೊಂಡಿರ್ಬೇಕಾದ ಭಾಗ. ಟ್ರಾನ್ಸ್ ಹುಡುಗರು, ನಾನ್‌ಬೈನರಿ ಮಕ್ಳು (ತಾವು ಬರೀ ಹುಡುಗ ಅಥವಾ ಬರೀ ಹುಡುಗಿ ಅಲ್ಲ ಅನ್ನೋರು) ಎದೆ ಚಪ್ಪಟೆ ಕಾಣ್ಲಿ ಅಂತ ಬೈಂಡರ್ ಅನ್ನೋ ಬಿಗಿ ಒಳಉಡುಪು ಹಾಕ್ತಾರೆ. ಬಿಗಿ ಬೈಂಡರ್ ಹಾಕಿ ಪ್ಯಾಕ್ ಹೊತ್ತು ಹತ್ತಿದ್ರೆ ಪಕ್ಕೆಲುಬು ಅರಳಲ್ಲ, ಉಸಿರು ಸಾಲಲ್ಲ. ಟುವಾಲಮಿ ಮೆಡೋಸ್ ಸುಮಾರು 8,600 ಅಡಿ, ಅಲ್ಲಿ ಆಲ್ಟಿಟ್ಯೂಡ್‌ಗೂ ಏದುಸಿರು ಬರತ್ತೆ, ಯಾವುದರಿಂದ ಬಂತು ಅಂತ ಗೊತ್ತಾಗದೆ ಲೀಡರ್ ತಪ್ಪು ನಿರ್ಧಾರ ತಗೊಳೋ ಅಪಾಯ ಇದೆ. ಬೈಂಡರ್ ಬಿಚ್ಚು ಅಂತ ಟ್ರೇಲ್ ಮೇಲೆ ಹೇಳೋದಲ್ಲ, ಮನೇಲಿದ್ದಾಗ್ಲೇ ಮಾತಾಡಿ, ನಡೆಯೋವಾಗ ಸ್ಪೋರ್ಟ್ಸ್ ಬ್ರಾ ಅದರ ಮೇಲೆ ಸಡಿಲ ಶರ್ಟು, ಇಲ್ಲಾಂದ್ರೆ ಒಂದು ಸೈಜ್ ದೊಡ್ಡ ಬೈಂಡರು, ರಾತ್ರಿ ಮಲಗೋವಾಗ ಬೇಡ್ವೇ ಬೇಡ. ಪ್ಯಾಕಿನ ಎದೆ ಪಟ್ಟಿ ಹಾಕಿದ್ರೆ ಎದೆ ಎದ್ದು ಕಾಣತ್ತೆ ಅಂತ ಕೆಲವರಿಗೆ ಹಿಂಸೆ, ಆ ಪಟ್ಟಿ ಇಲ್ದೆನೂ ನಡೀಬಹುದು. ಮೊದಲನೇ ರಾತ್ರಿ ಎತ್ತರದಲ್ಲಿ ಸುಮ್ನೆ ಮಲಗಿ, ಮಾರನೇ ದಿನ ನಾಲ್ಕೈದು ಮೈಲಿ ಸಾಕು, ತಲೆನೋವಿನ ಜೊತೆ ವಾಂತಿ ಶುರುವಾದ್ರೆ ಇನ್ನು ಮೇಲೆ ಹತ್ತಬೇಡಿ, ಕಮ್ಮಿ ಆಗ್ಲಿಲ್ಲ ಅಂದ್ರೆ ಕೆಳಗಿಳೀರಿ.

ಹಾರ್ಮೋನ್ ತಗೊಳೋ ಮಕ್ಳಿದ್ರೆ ಡೋಸ್ ಯಾವ ದಿನ ಅಂತ ಮೊದ್ಲೇ ತಿಳ್ಕೊಳಿ. ಟೆಸ್ಟೋಸ್ಟಿರೋನ್ ಅಮೆರಿಕದಲ್ಲಿ ಕಂಟ್ರೋಲ್ಡ್ ಔಷಧಿ, ಅದಕ್ಕೇ ಫಾರ್ಮಸಿ ಲೇಬಲ್ ಇರೋ ಡಬ್ಬೀಲೇ ಇರ್ಲಿ, ಸೂಜಿ ಹಾಕಕ್ಕೆ ಗಟ್ಟಿ ಶಾರ್ಪ್ಸ್ ಡಬ್ಬಿ ಬೇಕು, ಇಂಜೆಕ್ಷನ್ನಿನ ಎಣ್ಣೆ ಚಳಿಗೆ ಗಟ್ಟಿಯಾಗತ್ತೆ, ಜೇಬಲ್ಲಿಟ್ಟು ಬೆಚ್ಚಗೆ ಮಾಡ್ಕೋಬೇಕು. ಗಂಡು ಹಾರ್ಮೋನ್ ತಡೆಯೋ ಸ್ಪೈರೋನೊಲ್ಯಾಕ್ಟೋನ್ ಮಾತ್ರೆ ತಗೊಳೋ ಟ್ರಾನ್ಸ್ ಹುಡುಗಿಯರಿಗೆ ಮೂತ್ರ ಜಾಸ್ತಿ ಹೋಗತ್ತೆ, ನೀರು ಬೇಗ ಕಮ್ಮಿ ಆಗತ್ತೆ, ಪೊಟ್ಯಾಶಿಯಂ ಮೈಯಲ್ಲೇ ಉಳಿಯತ್ತೆ, ಹಾಗಾಗಿ ಪೊಟ್ಯಾಶಿಯಂ ಇರೋ ಎಲೆಕ್ಟ್ರೊಲೈಟ್ ಪುಡಿ, ಐಬುಪ್ರೊಫೆನ್ ಇವನ್ನೆಲ್ಲ ಕೈಗೆ ಸಿಕ್ಕ ಹಾಗೆ ಕೊಡ್ಬೇಡಿ, ಅವರ ಡಾಕ್ಟರ್ ಏನ್ ಹೇಳಿದಾರೆ ಅಂತ ಮೆಡಿಕಲ್ ಫಾರ್ಮಲ್ಲೇ ಬರೆಸಿ. ನೀರು ಕುಡಿಯೋ ಬ್ರೇಕ್ ಎಲ್ರಿಗೂ ಒಟ್ಟಿಗೆ ಮಾಡಿ, ಆಮೇಲೆ ಟಾಯ್ಲೆಟ್ ಬ್ರೇಕೂ ಉದ್ದ ಇರ್ಲಿ.

ಟೆಂಟ್ ಹಂಚೋವಾಗ ಹುಡುಗರದ್ದು ಹುಡುಗಿಯರದ್ದು ಅನ್ನೋ ಲೆಕ್ಕ ಇಲ್ಲಿ ಕೆಲಸ ಮಾಡಲ್ಲ. ಯಾರ ಜೊತೆ ಆರಾಮ, ಯಾರ ಜೊತೆ ಬೇಡ, ಒಬ್ಬರೇ ಮಲಗ್ಬೇಕಾ ಅಂತ ಗುಟ್ಟಾಗಿ ಚೀಟೀಲಿ ಬರೆಸ್ಕೊಂಡು ಲೀಡರ್‌ಗಳೇ ಪಟ್ಟಿ ಮಾಡಿ, ಒಬ್ಬರಿಗಾಗೋ ಸಣ್ಣ ಟೆಂಟ್ ಒಂದೆರಡು ಎಕ್ಸ್‌ಟ್ರಾ ಹೊತ್ಕೊಂಡೇ ಹೋಗಿ. ದೊಡ್ಡೋರ ಟೆಂಟ್ ಯಾವಾಗ್ಲೂ ಬೇರೆ.

ದಾರೀಲಿ ಸಿಗೋ ಜನ

ಕಾಡಿಗಿಂತ ಕಷ್ಟ ಆಗೋದು ಬೆಟ್ಟದ ಕೆಳಗಿನ ಪೆಟ್ರೋಲ್ ಬಂಕಲ್ಲಿ. ವ್ಯಾನಿಂದ ಹತ್ತು ಜನ ಇಳೀತಾರೆ, ಬಣ್ಣ ಬಣ್ಣದ ಕೂದಲು, ಅಂಗಡೀಲಿದ್ದೋರು ತಿರುಗಿ ನೋಡ್ತಾರೆ, ಟಾಯ್ಲೆಟ್ ಬಾಗಿಲ ಮೇಲೆ ಎರಡೇ ಚಿತ್ರ. ಒಬ್ಬರಿಗೇ ಆಗೋ ಟಾಯ್ಲೆಟ್ ಇರೋ ಬಂಕು ಯಾವುದು ಅಂತ ಮೊದ್ಲೇ ನೋಡ್ಕೊಂಡು ಅಲ್ಲೇ ನಿಲ್ಸಿ, ಜೋಡಿ ಜೋಡಿಯಾಗಿ ಕಳ್ಸಿ, ಒಬ್ಬ ಲೀಡರ್ ಒಳಗೆ ಸುಮ್ನೆ ಚಿಪ್ಸ್ ನೋಡ್ತಾ ನಿಂತಿರ್ಲಿ. ರೇಂಜರ್ ಸಿಕ್ಕಿ ಪರ್ಮಿಟ್ ಕೇಳಿದ್ರೆ ಮಾತಾಡೋದು ಲೀಡರ್, ಮಕ್ಳು ಅಲ್ಲ, ಯೂನಿಫಾರ್ಮ್ ಕಂಡ್ರೆ ಮೈ ಬಿಗಿಯಾಗೋ ಮಕ್ಳು ಗುಂಪಲ್ಲಿ ಇದ್ದೇ ಇರ್ತಾರೆ. ಇಮಿಗ್ರೇಶನ್ ಪೇಪರ್ಸ್ ಬಗ್ಗೆ ಭಯ ಇರೋ ಮನೆ ಮಕ್ಳೂ ಇರ್ತಾರೆ, ಅದನ್ನ ಯಾರ ಹತ್ರಾನೂ ಕೇಳಿ ಬರ್ಕೊಳಕ್ಕೆ ಹೋಗ್ಬೇಡಿ, ಸುಮ್ನೆ ಬಾರ್ಡರ್ ಪ್ಯಾಟ್ರೋಲ್ (ಗಡಿ ಪೊಲೀಸರ) ಚೆಕ್‌ಪೋಸ್ಟ್ ಇರೋ ದಕ್ಷಿಣದ ಹೈವೇಗಳನ್ನ ಬಿಟ್ಟು ರೂಟ್ ಹಾಕಿ. ಟ್ರೇಲ್ ಮೇಲೆ ಯಾರಾದ್ರೂ ನೀವು ನಿಜವಾಗ್ಲೂ ಎಲ್ಲಿಯವ್ರು ಅಂದ್ರೆ ಏನ್ ಹೇಳೋದು, ಲೀಡರ್ ಯಾವಾಗ ಮಧ್ಯೆ ಬರ್ಬೇಕು ಅಂತ ಮಕ್ಳೇ ಮೊದಲನೇ ದಿನ ಕೂತು ತೀರ್ಮಾನ ಮಾಡ್ಲಿ.

ಈ ಬೆಟ್ಟಗಳು ತಮಗೆ ಸೇರಿದ್ದಲ್ಲ ಅನ್ನೋ ಭಾವನೆ ಮಕ್ಳಿಗೆ ಸುಮ್ಸುಮ್ನೆ ಬಂದಿಲ್ಲ. ವರ್ಜೀನಿಯಾದ ಶೆನಾಂಡೋವಾ ನ್ಯಾಷನಲ್ ಪಾರ್ಕಲ್ಲಿ 1939ರಲ್ಲಿ ಲೂಯಿಸ್ ಮೌಂಟನ್ ಅನ್ನೋ ಜಾಗಾನ ಬ್ಲ್ಯಾಕ್ ಜನಕ್ಕೆ ಅಂತಾನೇ ಬೇರೆ ಮಾಡಿ ತೆರೆದಿದ್ರು. ಯೋಸೆಮಿಟಿ ಕಣಿವೇಲಿದ್ದ ಆವಾನೀಚಿ ಜನರನ್ನ 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಓಡಿಸ್ತು. ಅದೇ ಯೋಸೆಮಿಟೀನ 1899ರಲ್ಲಿ, ಆಮೇಲೆ 1903, 1904ರಲ್ಲಿ ಕಾವಲು ಕಾದಿದ್ದು ಬಫಲೋ ಸೋಲ್ಜರ್ಸ್ ಅನ್ನೋ ಬ್ಲ್ಯಾಕ್ ಸೈನಿಕರು. ಟುವಾಲಮಿಗೆ ಹೋಗೋ ಟಿಯೋಗಾ ರೋಡನ್ನ 1880ರ ದಶಕದಲ್ಲಿ ಮೊದ್ಲು ಕಡಿದ ಕೂಲಿಗಳಲ್ಲಿ ಚೀನೀಯರೇ ಜಾಸ್ತಿ. ಇದನ್ನ ಪಾಠದ ಥರ ಬೇಡ, ವ್ಯಾನ್ ಆ ರಸ್ತೆಗೆ ತಿರುಗಿದಾಗ ಹೇಳಿ, ಸಾಕು. ರಾತ್ರಿ ಗುಂಪಲ್ಲಿ ಕೂತಾಗ ನಿನ್ನ ಕಥೆ ಹೇಳು ಅಂತ ಯಾರನ್ನೂ ಒತ್ತಾಯ ಮಾಡ್ಬೇಡಿ, ದಿನವಿಡೀ ಬೇರೆ ಕಡೆ ತಮ್ಮ ಬಗ್ಗೆ ವಿವರಣೆ ಕೊಟ್ಟೂ ಕೊಟ್ಟೂ ಸುಸ್ತಾಗಿರೋ ಮಕ್ಳಿವು, ಇಲ್ಲಿ ಇಸ್ಪೀಟ್ ಆಡ್ಕೊಂಡು ನಗ್ಲಿ ಬಿಡಿ.

ಕೊನೇದಾಗಿ ಮನಸ್ಸಿನ ವಿಷಯ. ಎಲ್‌ಜಿಬಿಟಿಕ್ಯೂ ಮಕ್ಳಿಗಂತಾನೇ ಇರೋ ಟ್ರೆವರ್ ಪ್ರಾಜೆಕ್ಟ್ ಹೆಲ್ಪ್‌ಲೈನು, ಆತ್ಮಹತ್ಯೆ ತಡೆಯೋ 988 ನಂಬರು, ಎರಡೂ ಒಳ್ಳೇವು, ಆದ್ರೆ ಕಾಡಲ್ಲಿ ಸಿಗ್ನಲ್ ಇರಲ್ಲ. ಅದಕ್ಕೇ ಇನ್‌ರೀಚ್ ಥರದ ಸ್ಯಾಟಲೈಟ್ ಮೆಸೆಂಜರ್ ಇರ್ಲಿ, ಪ್ರತಿ ಮಗು ಜೊತೆ ಮೊದ್ಲೇ ಕೂತು ಮನಸ್ಸು ಕೆಟ್ಟಾಗ ನಿನಗೆ ಏನಾಗತ್ತೆ, ಯಾರಿಗೆ ಮೆಸೇಜ್ ಹಾಕ್ಬೇಕು ಅಂತ ಬರೆದಿಡಿ. ಟ್ರಿಪ್‌ಗಿಂತ ವಾಪಸ್ ಹೋದ ಮೊದಲ ಎರಡು ದಿನ ಕಷ್ಟ, ನಾಲ್ಕು ದಿನ ಸರಿಯಾದ ಹೆಸರಲ್ಲಿ ಕರೆಸ್ಕೊಂಡ ಮಗು ಮತ್ತೆ ಹಳೇ ಹೆಸರಿನ ಮನೆಗೆ ಹೋಗತ್ತೆ. ಮಗು ಹೇಳಿದ ಟೈಮಿಗೆ, ಮಗು ಹೇಳಿದ ನಂಬರಿಗೆ ಆ ವಾರದಲ್ಲೇ ಫೋನ್ ಮಾಡಿ, ತಿಂಗಳಾದ್ಮೇಲೆ ಎಲ್ರೂ ಸೇರೋ ಒಂದು ದಿನ ಇಟ್ಕೊಳಿ. ಮುಂದಿನ ವರ್ಷ ಅದೇ ಮಕ್ಳಲ್ಲಿ ದೊಡ್ಡೋರನ್ನ ಜೂನಿಯರ್ ಲೀಡರ್ ಅಂತ ಕರೀರಿ, ಅವರಿಗೂ ದುಡ್ಡು ಕೊಡಿ, ರೂಟ್ ಹಾಕೋ ಮೀಟಿಂಗಲ್ಲಿ ಕೂರಿಸ್ಕೊಳಿ.